ಸೀ ಕಯಾಕ್‌ಗೆ ಗ್ಲಾಸ್, ಕೆವ್ಲಾರ್, ಕಾರ್ಬನ್: ಯಾವುದು?

ಮೊದಲ ಸೀ ಕಯಾಕ್ (ಕಡಲಲ್ಲಿ ಹುಟ್ಟುಹಾಕಿ ನಡೆಸುವ ಕಿರಿದಾದ ದೋಣಿ) ಕಟ್ಟುವವರಿಗೆ ಇ-ಗ್ಲಾಸ್, ಅಂದರೆ ಸಾಮಾನ್ಯ ಗಾಜಿನ ನಾರಿನ ಬಟ್ಟೆಯೇ ಸರಿ. ರಾಳ (ಬಟ್ಟೆಗೆ ಹಚ್ಚುವ, ಆಮೇಲೆ ಗಟ್ಟಿಯಾಗುವ ಅಂಟುದ್ರವ) ಹೀರಿದ ಕಡೆ ಅದು ಪಾರದರ್ಶಕವಾಗುತ್ತದೆ. ರಾಳ ಹೀರದೆ ಉಳಿದ ಒಣ ಜಾಗ ಬೆಳ್ಳಗೆ ಕಾಣುವುದರಿಂದ ಅಲ್ಲೇ ರೋಲರ್ ಆಡಿಸಬಹುದು. ಕೈಯಿಂದ ಹಚ್ಚುವಾಗ ಬಟ್ಟೆಯಷ್ಟೇ ತೂಕದ ರಾಳ ಸಾಕು. ಹೆಚ್ಚಾದದ್ದು ಬರೀ ಭಾರ. ಕಾರ್ಬನ್ ನಾರಿನ ಬಟ್ಟೆ ಕಪ್ಪು, ಒಣ ಜಾಗ ಕಣ್ಣಿಗೆ ಬೀಳುವುದೇ ಕಷ್ಟ. ತೂಕಕ್ಕೆ ಹೋಲಿಸಿದರೆ ಬಿಗಿತ ಅದರದ್ದೇ ಹೆಚ್ಚು, ಆದರೆ ಬಂಡೆಗೆ ಬಡಿದರೆ ಬಾಗದೆ ಸೀಳುತ್ತದೆ. ಉಪ್ಪುನೀರಲ್ಲಿ ಅಲ್ಯೂಮಿನಿಯಂ ಬಿಡಿಭಾಗ ಅದಕ್ಕೆ ನೇರ ತಾಗಿದರೆ ಲೋಹ ಕೊರೆದುಹೋಗುತ್ತದೆ. ನಡುವೆ ಗ್ಲಾಸ್ ಪದರ ಬೇಕು.

ಕೆವ್ಲಾರ್ ಎಂಬ ಕೃತಕ ನಾರಿನ ಸಾಂದ್ರತೆ ಘನ ಸೆಂ.ಮೀ.ಗೆ 1.44 ಗ್ರಾಂ, ಗ್ಲಾಸಿನದು ಸುಮಾರು 2.6. ಕೆವ್ಲಾರ್ ಎಳೆತಕ್ಕೆ ಗಟ್ಟಿ, ಒತ್ತಡಕ್ಕೆ ದುರ್ಬಲ. ಸ್ಯಾಂಡ್‌ಪೇಪರ್ ಹಾಕಿದರೆ ನಾರೆದ್ದು ನಿಲ್ಲುತ್ತದೆ. ಹೊರಗಿನಿಂದ ಪೆಟ್ಟು ಬಿದ್ದಾಗ ಎಳೆತಕ್ಕೆ ಸಿಗುವುದು ಒಳಮೈ. ಹಾಗಾಗಿ ಹೊರಗೆ ಗ್ಲಾಸ್, ಒಳಗೆ ಕೆವ್ಲಾರ್, ಪಾಲಿಯೆಸ್ಟರ್ ರಾಳದ ಬದಲು ಎಪಾಕ್ಸಿ ರಾಳ. ಡೆಕ್‌ಗೆ (ದೋಣಿಯ ಮೇಲ್ಭಾಗಕ್ಕೆ) ಕಾರ್ಬನ್, ಜೇಬು ಒಪ್ಪಿದರೆ.