ಕೋವಿನ್ ವಿದೇಶ ಪ್ರಯಾಣ ಪ್ರಮಾಣಪತ್ರ: ನಮ್ಮ ಕಡೆಯವರು ಎಡವುವುದು ಅಡ್ಡಹೆಸರಿನಲ್ಲಿ

ಕೋವಿಡ್ ಲಸಿಕೆಗಾಗಿ ಕೇಂದ್ರ ಸರ್ಕಾರ ನಡೆಸುವ ಕೋವಿನ್ ಪೋರ್ಟಲ್‌ನಲ್ಲಿ ಸಿಗುವ ವಿದೇಶ ಪ್ರಯಾಣದ ಲಸಿಕೆ ಪ್ರಮಾಣಪತ್ರ ಒಳ್ಳೆಯ ಸೇವೆ. ದುಡ್ಡು ಕೊಡಬೇಕಿಲ್ಲ, ಏಜೆಂಟರು ಬೇಕಿಲ್ಲ, ದಾಖಲೆ ಎಲ್ಲ ಸರಿಯಿದ್ದರೆ ಹತ್ತು ನಿಮಿಷದ ಕೆಲಸ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಉಳಿದ ಒಂದು ಅಂಕ ಎಲ್ಲಿ ಹೋಯಿತು ಅನ್ನುವುದು ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಹೊರಡುವವರು ತಿಳಿದಿರಲೇಬೇಕಾದ ವಿಷಯ. ನಮ್ಮಲ್ಲಿ ಹೆಸರು ಬರೆಯುವ ರೀತಿಯೇ ಬೇರೆ, ಪಾಸ್‌ಪೋರ್ಟ್ ಕೇಳುವ ರೀತಿಯೇ ಬೇರೆ. ಮೇಲಾಗಿ ವಿದೇಶಿ ವಿಮಾನ ಹತ್ತುವ ಊರು ಬಹಳ ಜನಕ್ಕೆ ಒಂದು ರಾತ್ರಿಯ ದಾರಿ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ತಪ್ಪು ಗೊತ್ತಾದರೆ ಮನೆಗೆ ಹೋಗಿ ಸರಿಮಾಡಿಕೊಂಡು ಬರುವ ಮಾತೇ ಇಲ್ಲ. ಇಲ್ಲಿ ಹೇಳುತ್ತಿರುವ ನಿಯಮಗಳೆಲ್ಲ 2022ರ ಸೆಪ್ಟೆಂಬರ್ ಮಧ್ಯದವು, ಅವುಗಳಲ್ಲಿ ಬಹಳಷ್ಟು ಆಮೇಲೆ ರದ್ದಾಗಿವೆ.

ಈ ಪ್ರಮಾಣಪತ್ರ ಹುಟ್ಟಿದ್ದೇ ಒಂದು ಕೊರತೆಯಿಂದ. ಸಾಮಾನ್ಯ ಲಸಿಕೆ ಪ್ರಮಾಣಪತ್ರದಲ್ಲಿ ವಯಸ್ಸು ಇರುತ್ತಿತ್ತು, ಪೂರ್ತಿ ಜನ್ಮದಿನಾಂಕ ಇರುತ್ತಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಕೋವಿಶೀಲ್ಡ್ ಲಸಿಕೆಯನ್ನು ಒಪ್ಪಿತು, ನಮ್ಮ ಕಾಗದವನ್ನು ಒಪ್ಪಲಿಲ್ಲ. ಆಮೇಲೆ ಕೋವಿನ್‌ನಲ್ಲಿ ದಿನ, ತಿಂಗಳು, ವರ್ಷ ಮೂರೂ ಇರುವ ಬೇರೆ ನಮೂನೆ ಬಂತು. ಎರಡು ಡೋಸ್ ಕೋವಿಶೀಲ್ಡ್ ಪಡೆದ ಭಾರತೀಯರಿಗೆ ಅಕ್ಟೋಬರ್ 11ರಿಂದ ಬ್ರಿಟನ್ ಕ್ವಾರಂಟೈನ್ ತೆಗೆಯಿತು. ಹೀಗಾಗಿ ಮೊಬೈಲಿನಲ್ಲಿ ಮೊದಲೇ ಇಳಿಸಿಟ್ಟುಕೊಂಡ ಹಳೆ ಪಿಡಿಎಫ್ ತೋರಿಸಿ ಹೋಗಬಹುದು ಅಂದುಕೊಳ್ಳಬೇಡಿ. ಪಾಸ್‌ಪೋರ್ಟ್ ಸಂಖ್ಯೆ ಮತ್ತು ಪೂರ್ತಿ ಜನ್ಮದಿನಾಂಕ ಎರಡೂ ಇರುವ ಪ್ರತಿಯೇ ಬೇಕು.

ಈಗ ಹೆಸರಿನ ವಿಷಯ. ಲಸಿಕೆ ಹಾಕಿಸುವಾಗ ಹೆಚ್ಚಿನವರು ಕೊಟ್ಟದ್ದು ಆಧಾರ್. ಆಧಾರ್‌ನಲ್ಲಿ ‘ಬಸವರಾಜ ಎಸ್ ಪಾಟೀಲ’ ಅಂತ ಇರುತ್ತದೆ. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು (ಮನೆತನದ ಹೆಸರು) ಮುಂದೆ ಬಂದು ‘ಪಾಟೀಲ ಬಸವರಾಜ ಶಿವಪ್ಪ’ ಆಗಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಹೆಸರಿಗೆ ಒಂದು ಖಾನೆ, ಅಡ್ಡಹೆಸರಿಗೆ ಇನ್ನೊಂದು: ಮೊದಲನೆಯದರಲ್ಲಿ ‘ಬಸವರಾಜ ಶಿವಪ್ಪ’, ಎರಡನೆಯದರಲ್ಲಿ ‘ಪಾಟೀಲ’. ಮೂರೂ ಒಬ್ಬನದೇ ಹೆಸರು ಅನ್ನುವುದು ನಮಗೆ ಗೊತ್ತು, ದೋಹಾ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತವರಿಗೆ ಗೊತ್ತಿಲ್ಲ. ಲಗ್ನವಾದ ಮೇಲೆ ಆಧಾರ್‌ನಲ್ಲಿ ಗಂಡನ ಮನೆಯ ಹೆಸರು ಹಾಕಿಸಿ, ಪಾಸ್‌ಪೋರ್ಟ್‌ನಲ್ಲಿ ತವರಿನ ಹೆಸರನ್ನೇ ಉಳಿಸಿಕೊಂಡ ಹೆಣ್ಣುಮಕ್ಕಳಿಗೆ ತೊಂದರೆ ಇನ್ನೂ ಹೆಚ್ಚು. ‘ವೀರಭದ್ರ’ ಎಂಬುದಕ್ಕೆ ಒಂದು ಕಡೆ ಎರಡು ಇ, ಇನ್ನೊಂದು ಕಡೆ ಒಂದು ಐ. ‘ಮಲ್ಲಿಕಾರ್ಜುನ’ದ ಕೊನೆಗೆ ಎ ಇದೆಯೋ ಇಲ್ಲವೋ. ಇಂಥ ಒಂದಕ್ಷರದ ವ್ಯತ್ಯಾಸವನ್ನು ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ಅದು ಕೌಂಟರಿನಲ್ಲಿ ಕೂತವರ ಮರ್ಜಿಗೆ ಬಿಟ್ಟದ್ದು, ಆ ಮರ್ಜಿ ನಂಬಿ ಲಕ್ಷ ರೂಪಾಯಿಯ ಟಿಕೆಟ್ ಹಿಡಿದು ಹೋಗುವುದು ಸರಿಯಲ್ಲ.

ಒಂದು ವಿಷಯದಲ್ಲಿ ಮಾತ್ರ ಚಿಂತೆ ಬೇಡ. ಹಳೆ ಪಾಸ್‌ಪೋರ್ಟ್‌ಗಳಲ್ಲಿ ಊರಿನ ಹೆಸರು ಬೆಳಗಾಂ, ಬಿಜಾಪುರ ಎಂದೇ ಇದೆ. 2014ರ ನವೆಂಬರ್ 1ರಂದು ಊರ ಹೆಸರು ಬದಲಾಯಿತಲ್ಲ, ಅದಕ್ಕೂ ಲಸಿಕೆ ಪ್ರಮಾಣಪತ್ರಕ್ಕೂ ಸಂಬಂಧವಿಲ್ಲ. ಹುಟ್ಟಿದ ಊರನ್ನು ಈ ಕಾಗದ ಕೇಳುವುದೇ ಇಲ್ಲ.

ಕೆಲಸದ ಕ್ರಮ ಹೀಗಿರಲಿ, ಹಿಂದುಮುಂದಾಗಬಾರದು. ಲಸಿಕೆಗೆ ಕೊಟ್ಟ ಮೊಬೈಲ್ ಸಂಖ್ಯೆಯಿಂದ ಒಟಿಪಿ ಹಾಕಿ ಒಳಗೆ ಹೋಗಿ. ‘ರೈಸ್ ಆ್ಯನ್ ಇಶ್ಯೂ’ (ತಿದ್ದುಪಡಿ, ದೂರುಗಳ ಗುಂಡಿ) ಒತ್ತಿ, ಮೊದಲು ಪ್ರಮಾಣಪತ್ರ ತಿದ್ದುಪಡಿಯ ಆಯ್ಕೆಗೆ ಹೋಗಿ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ, ಅಕ್ಷರಕ್ಕೆ ಅಕ್ಷರ ಹೊಂದಿಸಿ ಬರೆಯಿರಿ. ಹೆಸರು ತಿದ್ದಲು ಪೋರ್ಟಲ್ ಕೊಡುವುದು ಒಂದೇ ಅವಕಾಶ. ಸೈಬರ್ ಅಂಗಡಿಯಲ್ಲಿ ಗಡಿಬಿಡಿಯಿಂದ ಟೈಪ್ ಮಾಡಿಸಿ ಅದರಲ್ಲೂ ತಪ್ಪಾದರೆ ಮುಂದೆ ಜಿಲ್ಲಾ ಆರೋಗ್ಯ ಕಚೇರಿಯ ಬಾಗಿಲು ತಟ್ಟಬೇಕಾಗುತ್ತದೆ. ಆದ್ದರಿಂದ ಪಾಸ್‌ಪೋರ್ಟ್ ತೆರೆದಿಟ್ಟುಕೊಂಡು ಇಬ್ಬರು ಕೂತು ಮಾಡಿ: ಒಬ್ಬರು ಓದಲಿ, ಒಬ್ಬರು ಒತ್ತಲಿ. ಹೆಸರು ಬದಲಾದದ್ದು ಖಾತ್ರಿಯಾದ ಮೇಲೆ ಅದೇ ‘ರೈಸ್ ಆ್ಯನ್ ಇಶ್ಯೂ’ ಒಳಗೆ ಪಾಸ್‌ಪೋರ್ಟ್ ವಿವರ ಸೇರಿಸುವ ಆಯ್ಕೆ. ಸಂಖ್ಯೆ ಹಾಕಿದರೆ ಹೆಸರು ತಾನಾಗಿ ಬದಲಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಆಗುವುದಿಲ್ಲ, ಸಂಖ್ಯೆ ಮಾತ್ರ ಸೇರುತ್ತದೆ. ಕೊನೆಗೆ ಇಂಟರ್‌ನ್ಯಾಷನಲ್ ಟ್ರಾವೆಲ್ ಸರ್ಟಿಫಿಕೇಟ್ ಆಯ್ಕೆಯಲ್ಲಿ ಪೂರ್ತಿ ಜನ್ಮದಿನಾಂಕ ಕೊಟ್ಟು ಇಳಿಸಿಕೊಳ್ಳಿ.

ಪಾಸ್‌ಪೋರ್ಟ್ ನವೀಕರಣದ ಹೊತ್ತು ಬಂದಿದ್ದರೆ ಅದನ್ನು ಮೊದಲು ಮುಗಿಸಿ. ಹೊಸ ಪುಸ್ತಕಕ್ಕೆ ಹೊಸ ಸಂಖ್ಯೆ ಬರುತ್ತದೆ, ಹಳೆಯದನ್ನು ಕೋವಿನ್‌ಗೆ ಹಾಕಿದ್ದು ವ್ಯರ್ಥ. ಬಹಳ ದೇಶಗಳು ಆರು ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ ಎಂಬುದೂ ನೆನಪಿರಲಿ. ಬೆಳಗಾವಿ ಮತ್ತು ವಿಜಯಪುರದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಇರುವುದರಿಂದ ಇದಕ್ಕಾಗಿ ಹುಬ್ಬಳ್ಳಿ ದಾರಿ ಹಿಡಿಯಬೇಕಿಲ್ಲ.

ಹಳ್ಳಿ ಕಡೆಯವರಿಗೆ ಇನ್ನೊಂದು ತೊಡಕು ಇದೆ. ಮೊದಲ ಡೋಸ್ ಊರಿನ ಶಾಲೆಯಲ್ಲಿ ನಡೆದ ಶಿಬಿರದಲ್ಲಿ, ಬೇರೆ ಯಾರದೋ ಮೊಬೈಲ್ ಸಂಖ್ಯೆಯ ಮೇಲೆ ದಾಖಲಾಗಿರುತ್ತದೆ. ಎರಡನೆಯದು ಪಟ್ಟಣದಲ್ಲಿ, ಮಗನ ಸಂಖ್ಯೆಯ ಮೇಲೆ. ಕೋವಿನ್ ಲೆಕ್ಕದಲ್ಲಿ ಇವರು ಇಬ್ಬರು ಬೇರೆ ಬೇರೆ ಜನ, ಇಬ್ಬರಿಗೂ ಒಂದೊಂದೇ ಡೋಸ್ ಆಗಿದೆ. ಎರಡು ಡೋಸ್ ಮುಗಿಸಿದವರ ಕೈಯಲ್ಲಿ ‘ಮೊದಲ ಡೋಸ್’ ಎಂದು ಬರೆದ ಎರಡು ಕಾಗದ ಇರುವುದು ಇದೇ ಕಾರಣಕ್ಕೆ. ಇದಕ್ಕೆ ಪೋರ್ಟಲ್‌ನಲ್ಲೇ ಎರಡು ಪ್ರಮಾಣಪತ್ರ ಜೋಡಿಸುವ ಆಯ್ಕೆ ಇದೆ, ಅದೂ ‘ರೈಸ್ ಆ್ಯನ್ ಇಶ್ಯೂ’ ಒಳಗೇ. ಎರಡೂ ಕಾಗದದ ಮೇಲಿನ ಫಲಾನುಭವಿ ಸಂಖ್ಯೆ ಕೈಯಲ್ಲಿರಬೇಕು. ಮೊದಲ ಸಂಖ್ಯೆ ಯಾರದು ಎಂದು ಗೊತ್ತಿಲ್ಲದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನೇ ಕೇಳಿ. ಆ ಶಿಬಿರಗಳ ವಿವರ ಅವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ. ಟಿಕೆಟ್ ತೆಗೆಯುವ ಮುಂಚೆಯೇ ಈ ಜೋಡಣೆ ಮುಗಿದಿರಲಿ.

ಕಾಗದ ಕೈಗೆ ಬಂದ ಮೇಲೆ ಅದನ್ನು ಪರೀಕ್ಷಿಸುವುದು ಸುಲಭ, ಆದರೂ ಯಾರೂ ಮಾಡುವುದಿಲ್ಲ. ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಇನ್ನೊಬ್ಬರ ಮೊಬೈಲಿನಲ್ಲಿ ಕೋವಿನ್‌ನ ವೆರಿಫೈ ಪುಟ ತೆರೆದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಪರದೆಯ ಮೇಲೆ ಬರುವ ಹೆಸರು, ಲಸಿಕೆ, ದಿನಾಂಕಗಳನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ನೋಡಿ. ಹೆಸರು ತಿದ್ದಿಸುವ ಮುಂಚಿನ ಪ್ರತಿಗಳ ಕ್ಯೂಆರ್‌ನಲ್ಲಿ ಹಳೆ ಹೆಸರೇ ಇರುತ್ತದೆ, ಅವನ್ನು ಹರಿದು ಹಾಕಿ. ಲ್ಯಾಮಿನೇಷನ್ ಮಾಡಿಸಬೇಡಿ: ಮೇಲಿನ ದೀಪದ ಬೆಳಕು ಪ್ಲಾಸ್ಟಿಕ್ ಮೇಲೆ ಬಿದ್ದು ಹೊಳೆದರೆ ಸ್ಕ್ಯಾನರ್ ಓದುವುದಿಲ್ಲ. ಕೋಡ್ ಮೇಲೆ ಮಡಿಕೆ ಬೀಳದ ಹಾಗೆ ಫೈಲಿನಲ್ಲಿಡಿ. ಝೆರಾಕ್ಸಿನ ಝೆರಾಕ್ಸ್ ಬೇಡ, ಪ್ರತಿ ಸಲ ಪಿಡಿಎಫ್‌ನಿಂದಲೇ ತೆಗೆಸಿ.

ಯಾವ ಲಸಿಕೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಕೋವಿಶೀಲ್ಡ್ 2021ರ ಫೆಬ್ರುವರಿಯಲ್ಲೇ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಬಳಕೆಗೆ ಒಪ್ಪಿದ ಲಸಿಕೆಗಳ ಪಟ್ಟಿ ಸೇರಿತು, ಕೋವ್ಯಾಕ್ಸಿನ್ ಸೇರಿದ್ದು ಆ ವರ್ಷದ ನವೆಂಬರ್ 3ರಂದು. ರಷ್ಯದ ಲಸಿಕೆ ಸ್ಪುಟ್ನಿಕ್ 2022ರಲ್ಲಿ ಸೇರಿರಲಿಲ್ಲ, ಹೀಗಾಗಿ ಅಮೆರಿಕಕ್ಕೆ ಹೋಗುವವರಿಗೆ ಅದು ಲೆಕ್ಕಕ್ಕಿರಲಿಲ್ಲ. ಅಮೆರಿಕ 2022ರ ಜೂನ್ 12ರಿಂದ ಹೊರಡುವ ಮುಂಚಿನ ಪರೀಕ್ಷೆ ಕೈಬಿಟ್ಟಿತು, ಲಸಿಕೆಯ ನಿಯಮ ಕೈಬಿಟ್ಟದ್ದು 2023ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಕೊನೆಯ ಡೋಸ್ ಆಗಿ 14 ದಿನ ಕಳೆದಿರಬೇಕಿತ್ತು.

ಮೂರನೆಯ ಡೋಸ್ ವಿಷಯದಲ್ಲಿ ಆಗ ಎಚ್ಚರ ಬೇಕಿತ್ತು. 2022ರ ಜುಲೈ 15ರಿಂದ 75 ದಿನ ಸರ್ಕಾರಿ ಕೇಂದ್ರಗಳಲ್ಲಿ 18 ದಾಟಿದವರಿಗೆ ಈ ಮುನ್ನೆಚ್ಚರಿಕೆ ಡೋಸ್ ಪುಕ್ಕಟೆ ಇತ್ತು. ಎರಡನೆಯ ಡೋಸ್ ಆಗಿ ಆರು ತಿಂಗಳಾಗಿದ್ದರೆ ಸಾಕಿತ್ತು. ವಿದೇಶಕ್ಕೆ ಹೋಗುವವರಿಗೆ, ಆ ದೇಶ ಕೇಳುತ್ತಿದ್ದರೆ, 90 ದಿನಕ್ಕೇ ಕೊಡಲು 2022ರ ಮೇ ತಿಂಗಳಿನಿಂದ ಅವಕಾಶವಿತ್ತು. ಯುರೋಪಿನ ಬಹಳ ದೇಶಗಳು ಎರಡು ಡೋಸಿನ ಕಾಗದವನ್ನು 270 ದಿನಕ್ಕೆ ಮಾತ್ರ ಮಾನ್ಯ ಮಾಡುತ್ತಿದ್ದುದರಿಂದ, 2021ರ ಮಳೆಗಾಲದಲ್ಲಿ ಎರಡನೆಯ ಡೋಸ್ ಮುಗಿಸಿದವರ ಕಾಗದ ಅಲ್ಲಿ ಹಳತಾಗಿತ್ತು. ಅಂಥವರು ಮೂರನೆಯದು ಹಾಕಿಸಿಕೊಳ್ಳಬೇಕಿತ್ತು, ಆದರೆ ಮೊದಲೆರಡು ಯಾವುದೋ ಅದನ್ನೇ ಹಾಕಿಸಿಕೊಳ್ಳಬೇಕಿತ್ತು. 2022ರ ಆಗಸ್ಟ್‌ನಿಂದ ಕೋವಿಶೀಲ್ಡ್, ಕೋವ್ಯಾಕ್ಸಿನ್ ಆದವರಿಗೂ ಕಾರ್ಬೆವ್ಯಾಕ್ಸ್ ಎಂಬ ಬೇರೆ ಲಸಿಕೆ ಕೊಡಬಹುದು ಎಂದಾಯಿತು. ಊರಲ್ಲೇ ಇರುವವರಿಗೆ ಅದು ಸರಿಯಿತ್ತು. ಹೊರಡುವವರಿಗೆ ಬೇಡವಾಗಿತ್ತು, ಕಾರಣ ಆಗ ಕಾರ್ಬೆವ್ಯಾಕ್ಸ್ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರಲಿಲ್ಲ. ಕೇಂದ್ರದಲ್ಲಿ ಯಾವುದು ಇತ್ತೋ ಅದನ್ನೇ ಹಾಕುತ್ತಿದ್ದರು, ತೋಳು ಚಾಚುವ ಮುಂಚೆ ಬಾಟಲಿಯ ಹೆಸರು ಕೇಳಬೇಕಿತ್ತು.

ಲಸಿಕೆ ಪೂರ್ತಿಯಾಗದವರಿಗೆ 2022ರಲ್ಲಿ ಆರ್‌ಟಿ–ಪಿಸಿಆರ್ (ಮೂಗು, ಗಂಟಲಿನ ಸ್ಯಾಂಪಲ್‌ನಿಂದ ಮಾಡುವ ಕೋವಿಡ್ ಪರೀಕ್ಷೆ) ಇನ್ನೂ ಬೆನ್ನು ಬಿಟ್ಟಿರಲಿಲ್ಲ, ದೂರದ ಊರಿನವರು ಸೋಲುತ್ತಿದ್ದುದು ಇಲ್ಲೇ. ರವಿವಾರ ಬೆಳಗಿನ 4ಕ್ಕೆ ಬೆಂಗಳೂರಿನಿಂದ ವಿಮಾನ ಅಂದುಕೊಳ್ಳಿ. ಹೊರಡುವ ಮುಂಚಿನ 72 ಗಂಟೆಯೊಳಗಿನ ವರದಿ ಬೇಕೆಂದರೆ, ಹಿಂದೆ ಎಣಿಸಿದಾಗ ಗುರುವಾರ ಬೆಳಗಿನ 4. ಗುರುವಾರ ಬೆಳಿಗ್ಗೆ ಬೆಳಗಾವಿಯಲ್ಲಿ ಸ್ಯಾಂಪಲ್ ಕೊಟ್ಟರೆ ಶುಕ್ರವಾರ ಮಧ್ಯಾಹ್ನದೊಳಗೆ ವರದಿ ಬಂದು, ಸಂಜೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಶನಿವಾರ ಬೆಳಿಗ್ಗೆ ಬೆಂಗಳೂರು. ಲೆಕ್ಕ ಕೂಡುತ್ತದೆ, ಇಡೀ ಒಂದು ಹಗಲು ಕೈಯಲ್ಲಿ ಉಳಿಯುತ್ತದೆ. ಅದೇ 48 ಗಂಟೆಯ ನಿಯಮವಾದರೆ ಎಣಿಕೆ ಶುಕ್ರವಾರ ಬೆಳಗಿನ 4ರಿಂದ. ಊರಲ್ಲಿ ಸ್ಯಾಂಪಲ್ ಕೊಟ್ಟು ರೈಲಿನಲ್ಲಿ ವರದಿ ಕಾಯುವುದಕ್ಕಿಂತ ಶನಿವಾರ ಬೆಂಗಳೂರಿನಲ್ಲೇ ಕೊಡುವುದು ಮೇಲು, ವರದಿ ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಲ್ಯಾಬ್‌ಗೆ ಮುಂಚಿನ ದಿನವೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡು.

ಬಾಗಲಕೋಟೆ, ವಿಜಯಪುರದವರು ಲ್ಯಾಬ್‌ನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಸ್ಯಾಂಪಲ್ ಇಲ್ಲೇ ಪರೀಕ್ಷೆ ಆಗುತ್ತದೋ, ಬೇರೆ ಊರಿಗೆ ಹೋಗುತ್ತದೋ? ಬೋರ್ಡ್ ದೊಡ್ಡದಿದ್ದರೂ ಒಳಗೆ ಸಂಗ್ರಹ ಕೇಂದ್ರ ಮಾತ್ರ ಇರಬಹುದು. ಆಗ ಸ್ಯಾಂಪಲ್ ಬಸ್ಸಿನಲ್ಲಿ ಹೋಗುವ ಹೊತ್ತೂ ನಿಮ್ಮ 72 ಗಂಟೆಯಲ್ಲೇ ಕಳೆಯುತ್ತದೆ. ಕೆಲವು ದೇಶ ಸ್ಯಾಂಪಲ್ ಕೊಟ್ಟ ಹೊತ್ತಿನಿಂದ ಎಣಿಸುತ್ತವೆ, ಕೆಲವು ವರದಿ ಬಂದ ಹೊತ್ತಿನಿಂದ. ವರದಿಯಲ್ಲಿ ಎರಡೂ ಹೊತ್ತು, ಪಾಸ್‌ಪೋರ್ಟ್ ಸಂಖ್ಯೆ, ಕ್ಯೂಆರ್ ಕೋಡ್ ಇರಬೇಕು ಎಂದು ಮೊದಲೇ ಬರೆಸಿ. ರ‍್ಯಾಪಿಡ್ ಆ್ಯಂಟಿಜೆನ್ ವರದಿಯನ್ನು ಆರ್‌ಟಿ–ಪಿಸಿಆರ್ ಬದಲು ತೋರಿಸಲಾಗದು. ಇತ್ತೀಚೆಗೆ ಸೋಂಕು ಬಂದು ವಾಸಿಯಾದವರಿಗೆ ವಾರಗಟ್ಟಲೆ ಪಾಸಿಟಿವ್ ಬರಬಹುದು, ಅಂಥವರು ಪ್ರಯಾಣದ ಎರಡು ವಾರ ಮುಂಚೆ ಒಂದು ಸಲ ಪರೀಕ್ಷಿಸಿಕೊಂಡು ನೋಡುವುದು ಒಳಿತು.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಒಂದು ಟಿಕೆಟ್, ಮುಂಬೈಯಿಂದ ವಿದೇಶಕ್ಕೆ ಇನ್ನೊಂದು ಟಿಕೆಟ್ ಬೇರೆ ಬೇರೆ ತೆಗೆದಿದ್ದರೆ ಮುಂಬೈಯಲ್ಲಿ ಸಾಮಾನು ಬಿಡಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು. ಕಾಗದ ನೋಡುವುದು ಆ ಎರಡನೆಯ ಕೌಂಟರಿನಲ್ಲೇ. ವಿಮಾನ ಕಂಪನಿಯವರು ನಡುವೆ ಇಳಿಯುವ ದೇಶದ ನಿಯಮವನ್ನೂ ನೋಡುತ್ತಾರೆ. ಪ್ರವೇಶ ಸಿಗದ ಪ್ರಯಾಣಿಕನನ್ನು ಒಯ್ದರೆ ದಂಡ ಬೀಳುವುದು ಅವರಿಗೆ, ಹಾಗಾಗಿ ಅನುಮಾನ ಬಂದರೆ ಹತ್ತಿಸುವುದಿಲ್ಲ. ಕೆನಡಾಕ್ಕಾದರೆ 2022ರ ಸೆಪ್ಟೆಂಬರ್ ಮುಗಿಯುವವರೆಗೆ ಅರೈವ್‌ಕ್ಯಾನ್ ಆ್ಯಪ್‌ನಲ್ಲಿ ಅಲ್ಲಿ ಇಳಿಯುವ ಮುಂಚಿನ 72 ಗಂಟೆಯೊಳಗೆ ವಿವರ ತುಂಬಬೇಕಿತ್ತು, ಸಿಂಗಪುರಕ್ಕಾದರೆ ಅವರ ಅರೈವಲ್ ಕಾರ್ಡ್ ಅನ್ನು ಮೂರು ದಿನದೊಳಗೆ ತುಂಬಬೇಕು. ವಾರ ಮುಂಚೆ ತುಂಬಿ ನಿಶ್ಚಿಂತರಾಗಲು ಆಗದು.

ಇನ್ನು ಏರ್ ಸುವಿಧಾ. ಐದಕ್ಕೆ ಮೂರು. ಇದು 2022ರ ನವೆಂಬರ್‌ವರೆಗೆ ವಿದೇಶದಿಂದ ಭಾರತಕ್ಕೆ ಬರುವವರೆಲ್ಲ ತುಂಬಬೇಕಿದ್ದ ಘೋಷಣೆ, ಹೋಗುವಾಗ ಬೇಕಿರಲಿಲ್ಲ. ದೆಹಲಿ ವಿಮಾನ ನಿಲ್ದಾಣದ ಜಾಲತಾಣದಲ್ಲಿ ಇದ್ದರೂ ಬೆಂಗಳೂರು, ಗೋವಾ, ಹೈದರಾಬಾದ್ ಎಲ್ಲಿ ಇಳಿದರೂ ಇದೇ ಫಾರಂ ಇತ್ತು, ಅದೂ ಪುಕ್ಕಟೆ. ಹಿಂದಿನ 14 ದಿನ ಯಾವ್ಯಾವ ದೇಶದಲ್ಲಿದ್ದಿರಿ ಎಂದು ಬರೆದು, ಲಸಿಕೆ ಪ್ರಮಾಣಪತ್ರ ಅಥವಾ 72 ಗಂಟೆಯೊಳಗಿನ ಆರ್‌ಟಿ–ಪಿಸಿಆರ್ ವರದಿ ಸೇರಿಸಬೇಕಿತ್ತು. ಊರಿಗೆ ಬಾಣಂತನಕ್ಕೋ ಜಾತ್ರೆಗೋ ಬರುವ ಕುಟುಂಬಗಳು ಮರೆಯುತ್ತಿದ್ದುದು ಮಕ್ಕಳನ್ನು. ಪರೀಕ್ಷೆಯಿಂದ ವಿನಾಯಿತಿ ಇದ್ದದ್ದು 5 ವರ್ಷದೊಳಗಿನವರಿಗೆ ಮಾತ್ರ. ಭಾರತದಲ್ಲಿ ಆಗ ಲಸಿಕೆ ಶುರುವಾಗುತ್ತಿದ್ದುದು 12 ವರ್ಷದಿಂದ. ನಡುವಿನ ಏಳೆಂಟು ವರ್ಷದ ಮಗುವಿನ ಬಳಿ ಲಸಿಕೆಯ ಕಾಗದ ಇರುತ್ತಿರಲಿಲ್ಲ, ವಿನಾಯಿತಿಯೂ ಇರಲಿಲ್ಲ. ಅಪ್ಪ ಅಮ್ಮನ ಫಾರಂ ಸಲೀಸಾಗಿ ಮುಗಿದು ಮಗುವಿನ ಫಾರಂ ಅಲ್ಲೇ ನಿಲ್ಲುತ್ತಿತ್ತು. ಆ ಮಗುವಿನ ಮಟ್ಟಿಗೆ ಹೊರಡುವ ಮುಂಚಿನ ಮೂರು ದಿನದೊಳಗೆ ಆ ದೇಶದಲ್ಲೇ ಆರ್‌ಟಿ–ಪಿಸಿಆರ್ ಮಾಡಿಸಬೇಕಿತ್ತು, ಅದರ ಸಮಯವನ್ನು ಮೊದಲೇ ಅಲ್ಲಿನ ಲ್ಯಾಬ್‌ನಲ್ಲಿ ಗೊತ್ತುಮಾಡಿಟ್ಟುಕೊಳ್ಳಬೇಕಿತ್ತು.