ಪ್ಲಾಜಾ ಚಿತ್ರ ನೋಡಿ ಫ್ಲಾಟ್ ತಗೋಬೇಡಿ, ನನ್ನ ಕಥೆ ಕೇಳಿ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ಮನೆ ಕೊಳ್ಳುವ ವಿಷಯದಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳಿದವಳು ನಾನು. ನಾನೇ ಮೋಸ ಹೋದೆ ಅಂತ ಹೇಳಿಕೊಳ್ಳೋದಕ್ಕೆ ನಾಚಿಕೆ. ಆದರೆ ನಿನ್ನೆ ಅದೇ ಬಿಲ್ಡರ್‌ನ ಹೊಸ ಟವರ್ ಜಾಹೀರಾತು ನೋಡಿದೆ. ಟವರ್ ಬುಡದಲ್ಲಿ ಅದೇ ಪ್ಲಾಜಾ, ಅಂದರೆ ತೆರೆದ ಅಂಗಳ, ಅದೇ ದೊಡ್ಡ ಮರಗಳು, ಅದೇ ಕೆಂಪು ಬಲೂನ್ ಹಿಡಿದ ಮಗು. ನಮ್ಮ ಬ್ರೋಷರ್‌ನಲ್ಲಿ ಇದ್ದದ್ದೂ ಇದೇ ಮಗು! ಇನ್ನು ಸುಮ್ನೆ ಇರೋಕೆ ನನ್ನಿಂದ ಆಗಲ್ಲ.

ಊರಿನ ನಡುಮಧ್ಯೆ ನಲವತ್ತು ಮಹಡಿಯ ಟವರ್. ಸೇಲ್ಸ್ ಆಫೀಸಿನಲ್ಲಿ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಗಾಜಿನ ಪೆಟ್ಟಿಗೆಯಲ್ಲಿ ಮಾಡೆಲ್, ಒಳಗೆ ಸಣ್ಣ ಸಣ್ಣ ದೀಪ. ಟವರ್ ಬುಡದಲ್ಲಿ ಪ್ಲಾಜಾ, ಬೆರಳುದ್ದದ ಮರಗಳು, ಬೆಂಚಿನ ಮೇಲೆ ಕೂತ ಪುಟ್ಟ ಮನುಷ್ಯರು. ಅಲ್ಲಿದ್ದ ಸೇಲ್ಸ್ ಹುಡುಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಮೇಡಂ, ಫ್ಲಾಟ್ ಎಲ್ಲರೂ ಕೊಡುತ್ತಾರೆ. ನಾವು ಅಂಗಳ ಕೊಡುತ್ತೇವೆ. ಇದು ನಿಮ್ಮದೇ ಅಂಗಳ." ನಿಮ್ಮದೇ ಅಂದ. ಅಪ್ಪನಿಗೆ ಮಂಡಿ ನೋವು, ದೂರ ನಡೆಯೋಕಾಗಲ್ಲ. ಲಿಫ್ಟ್ ಇಳಿದರೆ ಸಾಕು, ಸಂಜೆ ಮರದ ಕೆಳಗೆ ಕೂರಬಹುದು ಅಂದುಕೊಂಡೆ. ಪ್ಲಾಜಾ ಕಾಣುವ ಕಡೆಯ ಫ್ಲಾಟಿಗೆ ಜಾಸ್ತಿ ದುಡ್ಡು ಕೇಳಿದರು. ಅದನ್ನೂ ಕೊಟ್ಟೆ. ಅದೇ ವಾರ ಅಡ್ವಾನ್ಸ್ ಕಟ್ಟಿದೆ.

ಕೀ ಕೊಟ್ಟ ಮೇಲೆ ಮೊದಲ ಸಂಜೆ ಅಪ್ಪನನ್ನು ಕರೆದುಕೊಂಡು ಕೆಳಗೆ ಹೋದೆ. ಅವರ ಕೈಯಲ್ಲಿ ಪೇಪರ್ ಇತ್ತು, ಕೂತು ಓದೋಣ ಅಂತ ತಂದಿದ್ದರು. ಲಾಬಿ ಬಾಗಿಲು ತೆರೆದ ತಕ್ಷಣ ಮುಖಕ್ಕೆ ಹೊಡೆದ ಹಾಗೆ ಗಾಳಿ. ರಸ್ತೆಯಲ್ಲಿ ಆ ಗಾಳಿ ಇರಲಿಲ್ಲ, ನಮ್ಮ ಟವರ್ ಬುಡದಲ್ಲಿ ಮಾತ್ರ ಇತ್ತು. ಹೇಗೋ ಬೆಂಚಿನವರೆಗೆ ಹೋದೆವು. ಬೆಂಚು ಅಂದರೆ ಒರಗೋಕೆ ಬೆನ್ನಿಲ್ಲದ, ಸ್ವಲ್ಪ ಮುಂದಕ್ಕೆ ವಾಲಿದ ಕಲ್ಲು, ನಡುನಡುವೆ ಕಬ್ಬಿಣದ ಪಟ್ಟಿ. ಅಪ್ಪ ಒಂದು ಕೈಯಲ್ಲಿ ಆ ಪಟ್ಟಿ ಹಿಡಿದು ಕೂತರು, ಇನ್ನೊಂದು ಕೈಯಲ್ಲಿ ಪೇಪರ್ ಬಿಡಿಸಿದರು. ಒಂದು ಹಾಳೆ ಹಾರಿತು. ಇನ್ನೊಂದು. ನಾನು ಹಾಳೆಗಳ ಹಿಂದೆ ಓಡುತ್ತಿದ್ದೆ, ಗಾಜಿನ ಒಳಗಿಂದ ಸೆಕ್ಯೂರಿಟಿಯವರು ನೋಡುತ್ತಿದ್ದರು. ಅಪ್ಪ ಏನೂ ದೂರಲಿಲ್ಲ. "ಒಳಗೆ ಹೋಗೋಣ ಬಾ ಮಗಳೇ" ಅಂದರು, ಅಷ್ಟೇ. ಇವತ್ತಿಗೂ ಆ ಮಾತು ನೆನಪಾದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

ಮರುದಿನವೇ ಬಿಲ್ಡರ್ ಆಫೀಸಿಗೆ ಫೋನ್ ಮಾಡಿದೆ. ಉತ್ತರ: "ಮೇಡಂ, ಗಾಳಿ ನಮ್ಮ ಕೈಯಲ್ಲಿಲ್ಲ." ಯಾಕಿಲ್ಲ? ನಾನು ಇಂಜಿನಿಯರ್ ಅಲ್ಲ, ಆದರೂ ರಾತ್ರಿಯೆಲ್ಲ ಕೂತು ಓದಿದೆ. ಎತ್ತರದಲ್ಲಿ ಗಾಳಿಯ ವೇಗ ಜಾಸ್ತಿ. ಅದು ಅಗಲವಾದ ಚಪ್ಪಟೆ ಗೋಡೆಗೆ ಬಡಿದರೆ ಒಂದು ಭಾಗ ಗೋಡೆ ಗುಂಟ ಕೆಳಗೆ ಇಳಿಯುತ್ತದೆ, ಮೂಲೆಗಳಲ್ಲಿ ತಿರುಗುವಾಗ ಇನ್ನೂ ಜೋರಾಗುತ್ತದೆ. ಅದಕ್ಕೇ ಬುಡದಲ್ಲಿ ಪೋಡಿಯಂ, ಅಂದರೆ ಟವರ್‌ಗಿಂತ ಅಗಲವಾದ ಗಿಡ್ಡ ಕಟ್ಟಡ ಕಟ್ಟಿ ಟವರ್ ಅನ್ನು ಹಿಂದಕ್ಕೆ ಇಡುತ್ತಾರೆ, ಮಹಡಿ ಮಟ್ಟದಲ್ಲಿ ಚಜ್ಜಾ ಹಾಕುತ್ತಾರೆ, ಗಾಳಿ ಅಲ್ಲೇ ಮುರಿಯಲಿ ಅಂತ. ನಮ್ಮ ಟವರ್ ತುದಿಯಿಂದ ನೆಲದವರೆಗೆ ಒಂದೇ ಗಾಜಿನ ಹಲಗೆ. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬ್ರಿಡ್ಜ್‌ವಾಟರ್ ಪ್ಲೇಸ್ ಅನ್ನೋ ಟವರ್ ಬುಡದಲ್ಲಿ 2011ರಲ್ಲಿ ಗಾಳಿಗೆ ಲಾರಿಯೇ ಉರುಳಿ ನಡೆದು ಹೋಗುತ್ತಿದ್ದವರೊಬ್ಬರು ಸತ್ತರು. ಲಂಡನ್ನಿನ 'ಸಿಟಿ' ಅನ್ನುವ ಭಾಗದ ಆಡಳಿತ 2019ರಲ್ಲಿ ಎತ್ತರದ ಕಟ್ಟಡಗಳ ಗಾಳಿಗೇ ಬೇರೆ ಮಾರ್ಗಸೂಚಿ ತಂದಿತು. ಅಂದರೆ ಇದು ಯಾರಿಗೂ ಗೊತ್ತಿಲ್ಲದ ವಿಷಯ ಅಲ್ಲ, ಅಲ್ವಾ?

ಮತ್ತೆ ಫೋನ್ ಮಾಡಿ ಕೇಳಿದೆ, ವಿಂಡ್ ಟನಲ್ ಪರೀಕ್ಷೆ, ಅಂದರೆ ಕಟ್ಟಡದ ಮಾಡೆಲ್ ಮೇಲೆ ಗಾಳಿ ಹಾಯಿಸಿ ನೋಡುವ ಪರೀಕ್ಷೆ ಮಾಡಿಸಿದ್ದೀರಾ ಅಂತ. "ಮಾಡಿಸಿದ್ದೇವೆ ಮೇಡಂ, ರಿಪೋರ್ಟ್ ಇದೆ." ನನಗೆ ಸಮಾಧಾನ ಆಯಿತು! ಎಷ್ಟು ಸುಲಭವಾಗಿ ನಂಬುತ್ತೇನೆ ನೋಡಿ. ರಿಪೋರ್ಟ್ ಕೈಗೆ ಬರೋಕೆ ಒಂದೂವರೆ ತಿಂಗಳು ಬೇಕಾಯಿತು. ಅದರಲ್ಲಿ ಇದ್ದದ್ದು ಕಟ್ಟಡದ ಮೇಲೆ ಬೀಳುವ ಒತ್ತಡ, ಗಾಜು ತಡೆಯುತ್ತದಾ, ಟವರ್ ಎಷ್ಟು ಓಲಾಡುತ್ತದೆ ಅನ್ನೋದು. ನೆಲದ ಮೇಲೆ ಕೂರುವ ಮನುಷ್ಯನ ಬಗ್ಗೆ ಒಂದು ಸಾಲು ಇಲ್ಲ. ಅದಕ್ಕೂ ಲೆಕ್ಕ ಇದೆ. ಲಾಸನ್ ಮಾನದಂಡ ಅನ್ನುತ್ತಾರೆ, ಕೂರುವ ಜಾಗದಲ್ಲಿ ಹೆಚ್ಚಿನ ಹೊತ್ತು ಗಾಳಿ ಸೆಕೆಂಡಿಗೆ ಸುಮಾರು 4 ಮೀಟರ್ ದಾಟಬಾರದು. ಅದನ್ನು ಯಾಕೆ ಮಾಡಿಸಲಿಲ್ಲ ಅಂತ ಕೇಳಿದರೆ, "ಕಟ್ಟಡ ಸೇಫ್ ಇದೆ ಮೇಡಂ." ನಾನು ಕೇಳಿದ್ದು ಕಟ್ಟಡದ ಬಗ್ಗೆ ಅಲ್ಲ, ನಮ್ಮಪ್ಪನ ಬಗ್ಗೆ.

ಮರಗಳ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಮರ ಇಲ್ಲ. ಕುಂಡದಲ್ಲಿ ಗಿಡ ಇದೆ. ಪ್ಲಾಜಾ ಕೆಳಗೆ ಪೂರ್ತಿ ಪಾರ್ಕಿಂಗ್, ಕಾಂಕ್ರೀಟ್ ಮೇಲೆ ಒಂದು ಗೇಣು ಮಣ್ಣು. ಅಲ್ಲಿ ದೊಡ್ಡ ಮರ ಹೇಗೆ ಬೆಳೆಯುತ್ತದೆ? "ಬ್ರೋಷರ್‌ನಲ್ಲಿ ಇದ್ದದ್ದು ಕಲಾವಿದರ ಕಲ್ಪನೆ ಮೇಡಂ, ಕೆಳಗೆ ಬರೆದಿದೆ." ಹೌದು, ಬರೆದಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ.

ನಿಜವಾಗಿ ಕಾಲ ಕೆಳಗಿನ ನೆಲ ಕುಸಿದದ್ದು ಅಸೋಸಿಯೇಷನ್‌ನ ಮೊದಲ ಮೀಟಿಂಗ್‌ನಲ್ಲಿ. ಮೇಂಟೆನೆನ್ಸ್ ಲೆಕ್ಕದಲ್ಲಿ ಪ್ಲಾಜಾಕ್ಕೇ ಒಂದು ದೊಡ್ಡ ಮೊತ್ತ. ಕ್ಲೀನಿಂಗ್, ದೀಪ, ಕಾವಲು, ಅದೆಲ್ಲದರ ಮೇಲೆ ವಾಟರ್‌ಪ್ರೂಫಿಂಗ್. ಪ್ಲಾಜಾ ಅಂದರೆ ಪಾರ್ಕಿಂಗ್‌ನ ತಾರಸಿ, ಸೋರಿದರೆ ಕಲ್ಲು ಕಿತ್ತು ರಿಪೇರಿ ಮಾಡಬೇಕು, ಆ ಖರ್ಚೂ ನಮ್ಮದೇ. ಒಬ್ಬರು ಕೇಳಿದರು, ಹಾಗಾದರೆ ನಮ್ಮ ಪ್ಲಾಜಾದಲ್ಲಿ ನಮಗೆ ಬೇಕಾದ ಹಾಗೆ ಗೋಡೆ ಹಾಕಿ ಗಾಳಿ ತಡೆಯಬಹುದಾ? ಬಿಲ್ಡರ್ ಕಡೆಯವರು ಹೇಳಿದರು: "ಆಗಲ್ಲ ಸರ್. ಅದು ಸಾರ್ವಜನಿಕ ಜಾಗ. ನಗರಾಡಳಿತದ ಜೊತೆ ಒಪ್ಪಂದ ಇದೆ."

ನಿಮ್ಮದೇ ಅಂಗಳ ಅಂದಿದ್ದರಲ್ಲಾ?

ಒಪ್ಪಂದ ಏನು ಅಂತ ಆಮೇಲೆ ಗೊತ್ತಾಯಿತು. ಬುಡದಲ್ಲಿ ಜನರಿಗೆ ಜಾಗ ಬಿಡುತ್ತೇವೆ ಅಂತ ಬರೆದುಕೊಟ್ಟು ಬಿಲ್ಡರ್ ಜಾಸ್ತಿ ಮಹಡಿಗೆ ಅನುಮತಿ ತಗೊಂಡಿದ್ದಾರೆ. ಮಹಡಿ ಮಾರಿದ ದುಡ್ಡು ಅವರಿಗೆ, ಪ್ಲಾಜಾ ಸಾಕುವ ಜವಾಬ್ದಾರಿ ಟವರ್ ಇರುವವರೆಗೆ ನಮಗೆ. ಈ ವ್ಯವಹಾರ ಹಳೆಯದು. ನ್ಯೂಯಾರ್ಕ್‌ನಲ್ಲಿ 1958ರಲ್ಲಿ ಸೀಗ್ರಾಂ ಬಿಲ್ಡಿಂಗ್ ಮುಂದೆ ಬಿಟ್ಟ ಪ್ಲಾಜಾ ಜನರಿಗೆ ಇಷ್ಟವಾಯಿತು. 1961ರಲ್ಲಿ ನಗರವೇ ನಿಯಮ ತಂದಿತು, ದಟ್ಟವಾದ ಭಾಗಗಳಲ್ಲಿ ಒಂದು ಚದರ ಅಡಿ ಪ್ಲಾಜಾ ಬಿಟ್ಟರೆ ಹತ್ತು ಚದರ ಅಡಿ ಹೆಚ್ಚಿಗೆ ಕಟ್ಟಬಹುದು ಅಂತ. ಬಿಲ್ಡರ್‌ಗಳು ಜಾಗವನ್ನೇನೋ ಬಿಟ್ಟರು, ಕೂರೋಕೆ ಒಂದು ಕಟ್ಟೆಯೂ ಇಲ್ಲದ ಬಯಲು ಬಿಟ್ಟರು. ನಗರಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದ ವಿಲಿಯಂ ವೈಟ್ ಅನ್ನುವವರು ಆ ಪ್ಲಾಜಾಗಳಲ್ಲಿ ಕ್ಯಾಮೆರಾ ಇಟ್ಟು ನೋಡಿ, ಕೂರೋಕೆ ಜಾಗ ಇದ್ದಲ್ಲಿ ಜನ ಕೂರುತ್ತಾರೆ ಅಂತ ತೋರಿಸಬೇಕಾಯಿತು. 2000ದಲ್ಲಿ ಜೆರಾಲ್ಡ್ ಕೇಡನ್ ಅನ್ನುವ ಪ್ರೊಫೆಸರ್ ಮತ್ತು ಅಲ್ಲಿನ ನಗರ ಯೋಜನಾ ಇಲಾಖೆಯವರು 320 ಕಟ್ಟಡಗಳ ಇಂಥ 503 ಜಾಗಗಳನ್ನು ಲೆಕ್ಕ ಹಾಕಿದರು. ಅದರಲ್ಲಿ 41 ಶೇಕಡಾ ಹೆಚ್ಚೇನೂ ಉಪಯೋಗಕ್ಕೆ ಬಾರದವು. ಇಷ್ಟು ವರ್ಷದ ಪಾಠ ಎದುರಿಗಿದ್ದೂ ನಮಗೆ ಅದೇ ಬಯಲು ಕಟ್ಟಿ ಕೊಟ್ಟರು.

ಜನ ಬರೋದಕ್ಕೆ ನನ್ನ ತಕರಾರು ಖಂಡಿತ ಇಲ್ಲ. ಬರಲಿ, ಕೂರಲಿ, ಮಕ್ಕಳು ಆಡಲಿ. ಊರ ನಡುವೆ ಅಂಥ ಜಾಗ ಬೇಕು. ಆದರೆ ಯಾರೂ ಬರುತ್ತಿಲ್ಲ! ಗಾಳಿಯಲ್ಲಿ ತಲೆ ತಗ್ಗಿಸಿಕೊಂಡು ಓಡಿ ದಾಟುತ್ತಾರೆ. ಊರಿಗೂ ಟೋಪಿ, ನಮಗೂ ಟೋಪಿ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, "ಅಗ್ರಿಮೆಂಟ್‌ನ ಅನುಬಂಧದಲ್ಲಿದೆ ಮೇಡಂ, ನೀವೇ ಸಹಿ ಹಾಕಿದ್ದೀರಿ." ತೆಗೆದು ನೋಡಿದೆ. ಇತ್ತು. ಪ್ರತಿ ಪುಟದ ಕೆಳಗೂ ನನ್ನದೇ ಸಹಿ. ಆ ದಿನ ಅಪ್ಪನ ಎದುರು ಕೂತು ಊಟ ಮಾಡೋಕಾಗಲಿಲ್ಲ.

ನೀವು ಇನ್ನೂ ಸಹಿ ಹಾಕಿಲ್ಲದಿದ್ದರೆ, ಮೊದಲು ನಗರದ ಜೊತೆಗಿನ ಒಪ್ಪಂದದ ಪ್ರತಿ ಕೇಳಿ. "ಆಮೇಲೆ ಕೊಡುತ್ತೇವೆ" ಅಂದರೆ ಎದ್ದು ಬನ್ನಿ, ನನಗೂ ಹಾಗೇ ಅಂದಿದ್ದರು. ಗಾಳಿ ರಿಪೋರ್ಟ್ ಕೇಳಿದರೆ ನೆಲಮಟ್ಟದಲ್ಲಿ ನಡೆಯುವವರು, ಕೂರುವವರ ಬಗ್ಗೆ ಇದೆಯಾ ನೋಡಿ. ಮರದ ಚಿತ್ರ ತೋರಿಸಿದರೆ ಮಣ್ಣಿನ ಆಳ ಎಷ್ಟು ಅಂತ ಕೇಳಿ. ಪ್ಲಾಜಾ ಮೇಲೆ ಯಾವ ಹೊತ್ತಿಗೆ ಎಲ್ಲಿ ನೆರಳು ಬೀಳುತ್ತದೆ ಅನ್ನುವ ನಕ್ಷೆ ನಡುಮಧ್ಯಾಹ್ನದ್ದು ಮಾತ್ರ ಕೊಟ್ಟರೆ ಒಪ್ಪಬೇಡಿ. ಸಂಜೆಯದ್ದು ನಾನು ಕೇಳಲೇ ಇಲ್ಲ.

ಆ ಹೊಸ ಜಾಹೀರಾತನ್ನು ಮತ್ತೊಮ್ಮೆ ದೊಡ್ಡದು ಮಾಡಿ ನೋಡಿದೆ. ಬಲೂನಿನ ದಾರ ನೆಟ್ಟಗೆ ನಿಂತಿದೆ. ಒಂದು ಚೂರೂ ಗಾಳಿ ಇಲ್ಲ. ಆ ಹೊಸ ಟವರ್‌ನಲ್ಲಿ ಫ್ಲಾಟ್ ಬುಕ್ ಮಾಡಬೇಕು ಅಂದುಕೊಂಡವರು ಯಾರಾದರೂ ಇದ್ದರೆ ಮೊದಲು ನಮ್ಮ ಟವರ್‌ಗೆ ಬನ್ನಿ. ಸಂಜೆ ಐದರ ಮೇಲೆ ಬನ್ನಿ. ನಾನೇ ಕೆಳಗೆ ಇಳಿದು ಬರುತ್ತೇನೆ. ಆ ಬೆಂಚಿನ ಮೇಲೆ ಹತ್ತು ನಿಮಿಷ ಕೂತು ನೋಡಿ.