31ನೇ ತಾರೀಖು ಅವ್ವ-ಅಪ್ಪ ಯಾರ ಪಾಳಿ?

ಹೋದ ಭಾನುವಾರ ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಒಂದು ಹವ್ಯಾಸಿ ತಂಡದ ನಾಟಕ ನೋಡಿದೆ. ಬ್ಯಾಂಕಿನವರು, ಮಾಸ್ತರರು, ಕಾಲೇಜು ಹುಡುಗರು ಸೇರಿ ತಾವೇ ಬರೆದು ಆಡಿದ್ದು. ಒಂದೂವರೆ ತಾಸು. ಮತ್ತೆ ಆಡಿದರೆ ತಪ್ಪಿಸಿಕೊಳ್ಳಬೇಡಿ, ಮನೆಯ ಹಿರಿಯರನ್ನೂ ಕರ್ಕೊಂಡು ಹೋಗಿ.

ಇಬ್ಬರು ಗಂಡುಮಕ್ಕಳು. ಹೊಲ, ಮನೆ ಎಲ್ಲ ವಾಟ್ನಿ (ಪಾಲು) ಆಗಿದೆ. ಉಳಿದದ್ದು ಅವ್ವ-ಅಪ್ಪ. ಅವರಿಗೂ ಪಾಳಿ ಹಚ್ಚುತ್ತಾರೆ. 1ರಿಂದ 15 ದೊಡ್ಡವನ ಮನೆ, 16ರಿಂದ 30 ಸಣ್ಣವನ ಮನೆ. ಹಾಗಾದರೆ 31? ವರ್ಷದಲ್ಲಿ 7 ತಿಂಗಳಿಗೆ 31 ಇರುತ್ತೆ ಅಲ್ವಾ, ಆ 7 ದಿನದ ಊಟ ಯಾರು ಹಾಕಬೇಕು ಅಂತ ಅಣ್ಣ-ತಮ್ಮ ಗೋಡೆಯ ಕ್ಯಾಲೆಂಡರ್ ಕಿತ್ತು ಕೈಯಲ್ಲಿ ಹಿಡಿದು ಜಗಳಕ್ಕೆ ನಿಲ್ಲುತ್ತಾರೆ. "ಫೆಬ್ರವರಿದಾಗ ನಿನಗ ಎರಡು ದಿನ ಉಳಿತಾವಲ್ಲೋ, 31 ನೀನೇ ಇಟ್ಕೋ" ಅಂತಾನೆ ದೊಡ್ಡವ. ಇಡೀ ಸಭೆ ನಗ್ತಾ ಇತ್ತು. ಹಿಂದೆ ಅವ್ವ ಸುಮ್ನೆ ಕೂತು ತನ್ನ ಗಂಗಾಳ ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿ ಕೈಚೀಲಕ್ಕೆ ಹಾಕಿದಳು. ಆಮೇಲೆ ಗುಳಿಗೆ ಚೀಟಿ ತೆಗೆದು ಬೆರಳು ಮಡಚುತ್ತಾ 15 ಎಣಿಸಿದಳು. ಮಾತಿಲ್ಲ. ನನ್ನ ಕಣ್ಣು ಅಲ್ಲಿಂದ ಕದಲಲೇ ಇಲ್ಲ. ನಮ್ಮ ಆಯಿಯೂ ಹೀಗೇ ತನ್ನ ತಂಬಿಗೆ ತಾನೇ ಹಿಡ್ಕೊಂಡು ಕಾಕಾನ ಮನೆಯಿಂದ ನಮ್ಮ ಮನೆಗೆ ಬರ್ತಿದ್ದಳು. ಆಗ ನಾನು ಚಿಕ್ಕವ, ಆಯಿ ಬಂದಳು ಅಂತ ಖುಷಿ ಅಷ್ಟೇ ಇತ್ತು.

ಅಪ್ಪ-ಅವ್ವನನ್ನು ದೇವರ ಹಾಗೆ ತೋರಿಸದೇ ಇದ್ದದ್ದು ನನಗೆ ಬಹಳ ಹಿಡಿಸಿತು. ಈ ಅಪ್ಪ ದೊಡ್ಡವನನ್ನು ಎಂಜಿನಿಯರಿಂಗ್ ಓದಿಸೋಕೆ ಎರಡು ಎಕರೆ ಮಾರಿದ್ದಾನೆ, ಸಣ್ಣವನನ್ನು ಏಳನೇ ಇಯತ್ತೆಗೇ ಬಿಡಿಸಿ ಕಿರಾಣಿ ಅಂಗಡಿಯಲ್ಲಿ ಕೂಡಿಸಿದ್ದಾನೆ. "ಸಾಲಿ ಕಲಿಸೋ ಮುಂದ ನನ್ನ ಪಾಳಿ ಯಾಕ ಬರ್ಲಿಲ್ಲಪ್ಪಾ?" ಅಂತ ಸಣ್ಣವ ಕೇಳಿದಾಗ ನಗು ಪೂರ್ತಿ ನಿಂತುಹೋಯ್ತು. ಆ ಪಾತ್ರದ ಹುಡುಗ ಕೂಗಲಿಲ್ಲ. ತಕ್ಕಡಿ ಒರೆಸುತ್ತಲೇ ಕೇಳಿದ.

ಎಸಿ (ಸಹಾಯಕ ಆಯುಕ್ತರು) ಆಫೀಸಿನ ದೃಶ್ಯ ಮಾತ್ರ ಬಿದ್ದುಹೋಯ್ತು. ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯ್ದೆ ಇದೆ, ಎಸಿ ಹತ್ತಿರ ಅರ್ಜಿ ಕೊಟ್ಟರೆ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು, ನೋಡಿಕೊಳ್ಳಬೇಕು ಅನ್ನೋ ಷರತ್ತು ಹಾಕಿ ಬರೆದುಕೊಟ್ಟ ಆಸ್ತಿಯನ್ನು ವಾಪಸ್ ಪಡೆಯೋಕೂ ದಾರಿ ಇದೆ. ಇದು ನಮ್ಮ ಕಡೆ ಜನಕ್ಕೆ ಗೊತ್ತಾಗಲೇಬೇಕು. ಆದರೆ ಅಲ್ಲಿವರೆಗೆ ಚಂದ ಕಲಬುರಗಿ ಮಾತಾಡುತ್ತಿದ್ದವರು ಇಲ್ಲಿ ಒಮ್ಮೆಲೇ ಪುಸ್ತಕದ ಕನ್ನಡಕ್ಕೆ ಇಳಿದು ಭಾಷಣ ಶುರು ಮಾಡಿದರು. ಅದನ್ನೇ ಪಕ್ಕದ ಮನೆ ಕಾಕಾ ಕಟ್ಟೆ ಮೇಲೆ ಕೂತು ಹೇಳಿದ್ದರೆ ಸಾಕಿತ್ತು. ಅವ್ವನ ಮಾತು ಹಿಂದಿನ ಸಾಲಿಗೆ ಸರಿಯಾಗಿ ಕೇಳಲೂ ಇಲ್ಲ, ಮುಂದೆ ಕೂಡೋದು ಒಳ್ಳೆಯದು.

ಕೊನೆಗೆ 31ರ ಬೆಳಿಗ್ಗೆ ಅವ್ವ-ಅಪ್ಪ ಇಬ್ಬರೂ ಗಾಣಗಾಪುರದ ಬಸ್ ಹತ್ತುತ್ತಾರೆ. ಅಲ್ಲಿ ದತ್ತನ ಹೆಸರಲ್ಲಿ ಐದು ಮನೆ ಮಧುಕರಿ ಬೇಡೋದು ಪದ್ಧತಿ, ಎಂಥ ಶ್ರೀಮಂತರೂ ಜೋಳಿಗೆ ಹಿಡೀತಾರೆ. ಅವ್ವ ಅದೇ ಗಂಗಾಳ ತೆಗೆದು ಗಂಡನ ಕೈಗೆ ಕೊಟ್ಟು, "ಇಲ್ಲಿ ಬೇಡಿದ್ರ ಮಕ್ಕಳ ಮರ್ಯಾದಿ ಹೋಗಂಗಿಲ್ಲ, ನಡೀರಿ" ಅಂತಾಳೆ. ಮರ್ಯಾದೆ ಉಳಿಸಬೇಕು ಅನ್ನೋ ಚಿಂತೆ ಆಗಲೂ ಅವಳಿಗೇ. ನನ್ನ ಪಕ್ಕ ಕೂತ ಹಿರಿಯರೊಬ್ಬರು ಚಪ್ಪಾಳೆಗೆ ಎತ್ತಿದ ಕೈ ಹಾಗೇ ಮಡಿಲಿಗೆ ಇಳಿಸಿದರು.

ತಂಡದವರಿಗೆ ಒಂದೇ ಮಾತು. ಈ ಮನೆಗೆ ಒಬ್ಬ ಮಗಳೂ ಇದ್ದಾಳೆ, ಆದರೆ ಬರೀ ಫೋನಿನ ದನಿಯಾಗಿ. ವಾಟ್ನಿಯಲ್ಲಿ ಅವಳಿಗೆ ಏನೂ ಕೊಟ್ಟಿಲ್ಲ, 2005ರಿಂದ ಕಾಯ್ದೆಯಲ್ಲಿ ಸಮಪಾಲು ಇದ್ದರೂ. ಹಾಗಿದ್ದೂ "31ಕ್ಕ ನಮ್ಮನಿಗಿ ಬರ್ರಿ" ಅಂದವಳು ಅವಳೊಬ್ಬಳೇ, ಆಮೇಲೆ ಲೈನ್ ಕಟ್ ಆಗುತ್ತೆ. ಅವರು ಯಾಕೆ ಅವಳ ಮನೆಗೆ ಹೋಗಲಿಲ್ಲ? ಮುಂದಿನ ಸಲ ಅವಳನ್ನು ರಂಗದ ಮೇಲೆ ಕರ್ಕೊಂಡು ಬನ್ನಿ.